ಹಿಟ್ಟು ಮುಟ್ಟಿದ ಕೈ

“ಸಾಯಬೇಕಾದವು ಸತ್ತಿಲ್ರೀ ಮೇಡಂ,” ಎಂದ ಈರಣ್ಣ ಬೆಟಗೇರಿ, ಚಹದ ಲೋಟ ಹಿಡಿದ ಕೈಯನ್ನೇ ಗೋಡೆಯ ಪರದೆಯತ್ತ ಚಾಚಿ. “ಟ್ಯೂಬ್ ಮುಗದು ಇವತ್ತಿಗೆ ಮೂವತ್ನಾಕ್ ದಿನ. ಮೊದಲ ಠಸ್ಸೆ ಕೆಟ್ಟಿರಬೇಕು ಅಂದ್ಕೊಂಡೆ, ಬ್ಯಾರೇದು ಕೊಟ್ಟು ಬಂದೆ. ಅದೂ ಹಂಗ ತೋರಿಸ್ತು. ಮತ್ತೊಂದು ಕೊಟ್ಟು ಬಂದೆ. ಈಗ ನೋಡಿದ್ರ ಕೆಟ್ಟದ್ದು ಠಸ್ಸೆ ಅಲ್ಲ, ನಮ್ಮ ಅಂದಾಜು.”

ಡಾ. ವಿಶಾಲಾಕ್ಷಿ ಹಂಪಿಹೊಳಿ ಕನ್ನಡಕವನ್ನು ಹಣೆಗೇರಿಸಿ ಪರದೆ ನೋಡಿದರು. ಅದರ ತುಂಬ ಇನ್ನೂರ ಹನ್ನೆರಡು ಚುಕ್ಕಿ. ಒಂದೊಂದು ಚುಕ್ಕಿ ಒಬ್ಬೊಬ್ಬ ಮನುಷ್ಯ. ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಸಣ್ಣ ಪ್ರಮಾಣದ ಸೋರಿಯಾಸಿಸ್ ಇರುವವರು, ವಿಶಾಲಾಕ್ಷಿಯವರ ಹೊಸ ಮುಲಾಮನ್ನು ಹಚ್ಚಿ ನೋಡಲು ಒಪ್ಪಿದವರು. ಪ್ರತಿಯೊಬ್ಬರ ಹತ್ತಿರವೂ ನಾಣ್ಯದಷ್ಟು ದೊಡ್ಡ ಠಸ್ಸೆಯೊಂದಿತ್ತು. ಬೆಳಗ್ಗೆ ಎದ್ದು ಎಡ ಮೊಳಕೈಗೆ ಅದನ್ನು ಒತ್ತಿದರೆ ಸಾಕು, ಅಲ್ಲಿ ಮುಲಾಮು ಇನ್ನೂ ಜೀವಂತ ಇದೆಯೋ ಇಲ್ಲವೋ ಎಂದು ಈ ಗೋಡೆಗೆ ಸುದ್ದಿ ಬರುತ್ತಿತ್ತು. ಇನ್ನೂರ ಒಂಬತ್ತು ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಮೂರು ಮಾತ್ರ ಆಗತಾನೆ ಕಿತ್ತ ಮೆಂತ್ಯ ಪಲ್ಯದ ಹಾಗೆ ಹಸಿರಾಗಿದ್ದವು.

ಹಸಿರು ಕಂಡರೆ ಯಾಕೆ ಹೆದರಬೇಕು? ಅದು ತಿಳಿಯಬೇಕಾದರೆ ಈ ಮುಲಾಮಿನ ಜಾತಕ ಸ್ವಲ್ಪ ಗೊತ್ತಿರಬೇಕು.

ನಮ್ಮ ಚರ್ಮ ತಳದಲ್ಲಿ ಹುಟ್ಟಿ ನಿಧಾನಕ್ಕೆ ಮೇಲೇರಿ ಬಂದು ಉದುರುತ್ತದೆ. ಆ ಪಯಣಕ್ಕೆ ಸುಮಾರು ಒಂದು ತಿಂಗಳು. ಸೋರಿಯಾಸಿಸ್ ಇರುವವರಲ್ಲಿ ಮೈಯ ಕಾವಲುಗಾರರಿಗೆ ಏನೋ ಗಾಬರಿ. ಕಳ್ಳ ಬಾರದಿದ್ದರೂ ಕೂಗು ಹಾಕುತ್ತಾರೆ. ಕೂಗು ಕೇಳಿದ ಚರ್ಮದ ಕಣಗಳು ತಿಂಗಳ ದಾರಿಯನ್ನು ನಾಲ್ಕೈದು ದಿನಕ್ಕೇ ಓಡಿ ಬಂದು ಒಂದರ ಮೇಲೊಂದು ಬೀಳುತ್ತವೆ. ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಿಯಂಥ ಹೊಟ್ಟು. ಇದು ಯಾರಿಂದ ಯಾರಿಗೂ ಅಂಟುವುದಿಲ್ಲ. ಆದರೂ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ರೋಗಕ್ಕಿಂತ ಆ ಒಂದು ಹೆಜ್ಜೆಯೇ ಹೆಚ್ಚು ತುರಿಸುತ್ತದೆ ಎಂದು ವಿಶಾಲಾಕ್ಷಿಯವರಿಗೆ ಒಬ್ಬರಲ್ಲ, ನೂರು ಜನ ಹೇಳಿದ್ದರು.

ಅವರು ಮಾಡಿದ್ದು ಇಷ್ಟು. ಮನುಷ್ಯರ ಮೈಮೇಲೆ ಹೇಗೂ ಬಿಡಾರ ಹೂಡಿರುವ ಒಂದು ಸಾಧು ಬ್ಯಾಕ್ಟೀರಿಯಾವನ್ನು ಹಿಡಿದು ಅದಕ್ಕೆ ವಿದ್ಯೆ ಕಲಿಸಿದರು. ಕಾವಲುಗಾರರ ಕೂಗು ಕೇಳಿದರೆ ಸಮಾಧಾನದ ಮದ್ದು ಸುರಿಸು, ಕೂಗು ನಿಂತರೆ ಸುಮ್ಮನಿರು. ಹೆಚ್ಚು ಹಚ್ಚಿದರೂ ಹೆಚ್ಚಾಗದ ಮದ್ದು ಅದು. ಹಾಗಾಗಿಯೇ ಡಾಕ್ಟರ ಚೀಟಿ ಇಲ್ಲದೆ, ಔಷಧ ಅಂಗಡಿಗೆ ಹೋಗಿ ಕೊಬ್ಬರಿ ಎಣ್ಣೆ ಕೇಳಿದಷ್ಟು ಸಲೀಸಾಗಿ ಕೇಳಿ ತರುವಂಥ ಟ್ಯೂಬು ಆಗಬೇಕೆಂಬ ಆಸೆ. ಮಚ್ಚೆಗಳೆಲ್ಲ ಸೇರಿ ನಿಮ್ಮದೇ ಮೂರು ಅಂಗೈಯಷ್ಟು ಜಾಗದೊಳಗಿದ್ದರೆ ಹಚ್ಚಿಕೊಳ್ಳಿ, ಹೆಚ್ಚಿದ್ದರೆ ಡಾಕ್ಟರ ಹತ್ತಿರ ಹೋಗಿ ಎಂದು ಟ್ಯೂಬಿನ ಮೇಲೆ ಚಿತ್ರ ಸಮೇತ ಬರೆಸಿದ್ದರು.

ಅನುಮತಿ ಸಮಿತಿ ಒಪ್ಪಿತ್ತು. ಒಂದೇ ಷರತ್ತು: ಜೀವ ಇರುವ ವಸ್ತುವನ್ನು ಚೀಟಿ ಇಲ್ಲದೆ ಮಾರುವುದಾದರೆ ಅದು ತಾನಾಗಿಯೇ ಸಾಯಬೇಕು. ಅದಕ್ಕೂ ವಿಶಾಲಾಕ್ಷಿ ಉಪಾಯ ಮಾಡಿದ್ದರು. ಒಂದು ಕೆಂಪು ವರ್ಣದ್ರವ್ಯ ಸಿಗದೆ ಈ ಜೀವಿ ಮರಿ ಹಾಕದಂತೆ ಬೀಗ ಜಡಿದಿದ್ದರು. ಆ ದ್ರವ್ಯದ ಹೆಸರನ್ನು ಇಲ್ಲಿ ಬರೆದರೆ ಅರ್ಧ ಸಾಲು ತಿನ್ನುತ್ತದೆ, ಬಿಡಿ. ರಾಸಾಯನಿಕಗಳ ಪಟ್ಟಿಯಲ್ಲಿ “ಅಪರೂಪದ ಸಸ್ಯವರ್ಣ” ಎಂದಿತ್ತು. ಹೆಬ್ಬೆರಳಿನಷ್ಟು ಕಂದು ಬಾಟಲಿಯಲ್ಲಿ ಬರುತ್ತಿತ್ತು. ಹಿಮಪೆಟ್ಟಿಗೆಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಡಬೇಕಿತ್ತು. ಟ್ಯೂಬಿನಲ್ಲಿ ಅದರ ಒಂದಂಶ ಸೇರಿಸಿದ್ದರು. ಟ್ಯೂಬು ಮುಗಿಯಿತು, ವರ್ಣ ಮುಗಿಯಿತು, ಹದಿನಾಲ್ಕು ದಿನದಲ್ಲಿ ಜೀವಿಯೂ ಮುಗಿಯಿತು. ಎಲ್ಲ ಚೊಕ್ಕ.

ಆದರೆ ಮೂರು ಚುಕ್ಕಿ.

“ಒಂದ ಮಾತು ಹೇಳ್ಲೇನ್ರೀ?” ಈರಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಮುಂದಿನ ತಿಂಗಳು ಸಮಿತಿಗೆ ಕಳಸೂದೈತಿ. ಮೂರು ಮಂದಿ ಠಸ್ಸೆ ಸರಿ ಒತ್ತಿಲ್ಲ ಅಂತ ಬರದ್ರ ಮುಗೀತು. ಇನ್ನೂರ ಒಂಬತ್ತೇನು ಕಡಿಮಿ ಆತ?”

“ಒತ್ತಿಲ್ಲೇನು ಅವರು?”

“ಒತ್ಯಾರ. ಒಂದ್ ದಿನಾನೂ ತಪ್ಪಿಸಿಲ್ಲ.”

“ಹಂಗಾದ್ರ ಹಂಗ್ಯಾಕ ಬರೀಬೇಕು? ಯಾರವರು?”

ಈರಣ್ಣ ಪಟ್ಟಿ ಓದಿದ. “ನೀಲವ್ವ ಜಕ್ಕಲಿ, ರೊಟ್ಟಿ ಬಡಿಯೂದು. ಮೆಹರುನ್ನಿಸಾ ಸವಣೂರ, ರೊಟ್ಟಿ ಬಡಿಯೂದು. ಶಿದ್ಲಿಂಗಪ್ಪ ಕಡ್ಲಿ, ಹಿಟ್ಟಿನ ಗಿರಣಿ. ಮೂವರೂ ಹಳೇ ಹುಬ್ಬಳ್ಳಿ. ಒಂದ ಓಣಿ.”

ವಿಶಾಲಾಕ್ಷಿ ಕನ್ನಡಕ ಮೂಗಿಗಿಳಿಸಿಕೊಂಡರು. ಅಲಮಾರಿಯಿಂದ ತೊಳೆಯುವ ದ್ರಾವಣದ ಮೂರು ಸೀಸೆ ತೆಗೆದು ಚೀಲಕ್ಕೆ ಹಾಕಿದರು. ಜೀವಿ ತಾನಾಗಿ ಸಾಯದಿದ್ದರೆ ಅದರಿಂದ ತೊಳೆದು ಸಾಯಿಸಬೇಕು. ನಿಯಮವನ್ನು ಬರೆದವರು ಅವರೇ.

* * *

ಕಾಶಕ್ಕನ ರೊಟ್ಟಿ ಕೇಂದ್ರವನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ತಗಡಿನ ಸೂರಿನ ಕೆಳಗೆ ನಲವತ್ತು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುವ ಸದ್ದು ಓಣಿಯ ತಿರುವಿನಲ್ಲೇ ಶುರುವಾಗುತ್ತದೆ. ಒಳಗಿನ ಸಾಲುಗಳಲ್ಲಿ ಖಡಕ್ ರೊಟ್ಟಿ. ಅವು ಒಣಗಿ, ಕಟ್ಟಾಗಿ, ದೂರದ ಊರಿಗೆ ಹೋಗುತ್ತವೆ. ಬಾಗಿಲ ಹತ್ತಿರದ ಎರಡು ಕಲ್ಲುಗಳಲ್ಲಿ ಮಾತ್ರ ಬಿಸಿ ರೊಟ್ಟಿ. ಗಿರಾಕಿಗಳು ಅಲ್ಲೇ ನಿಂತು, ಯಾರು ಬಡಿಯುತ್ತಾರೆಂದು ನೋಡುತ್ತ, ಹಂಚಿನಿಂದ ಇಳಿದದ್ದನ್ನು ಕೈಗೇ ಹಾಕಿಸಿಕೊಂಡು ತಿನ್ನುತ್ತಾರೆ. ಆ ಮುಂದಿನ ಕಲ್ಲಿಗೆ ಕೂರುವುದೆಂದರೆ ಕೇಂದ್ರದಲ್ಲಿ ದೊಡ್ಡ ಮರ್ಯಾದೆ.

ನೀಲವ್ವ ಆ ಕಲ್ಲಿಗೆ ಹನ್ನೊಂದು ವರ್ಷ ಕೂತಿದ್ದವಳು. ನಾಲ್ಕು ವರ್ಷದ ಹಿಂದೆ ಅವಳ ಬೆರಳಿನ ಗೆಣ್ಣು, ಮೊಳಕೈ, ಮೊಳಕಾಲುಗಳಲ್ಲಿ ಮಚ್ಚೆ ಎದ್ದವು. ಗಿರಾಕಿಯೊಬ್ಬ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಇದರ ಮೇಲಿರುವ ಬಿಳೀದು ಹಿಟ್ಟೋ ಮತ್ತೊಂದೋ ಎಂದು ಕೇಳಿದ. ಮರುದಿನ ಕಾಶಕ್ಕ ಅವಳನ್ನು ಹಿಂದಿನ ಕೋಣೆಯಲ್ಲಿ ಹಿಟ್ಟು ಸಾಣಿಸುವುದಕ್ಕೆ ಹಾಕಿದಳು. ಬೈಯಲಿಲ್ಲ, ಕೆಲಸ ಬಿಡಿಸಲಿಲ್ಲ. ಕಣ್ಣಿಗೆ ಬೀಳದ ಜಾಗಕ್ಕೆ ಸರಿಸಿದಳು ಅಷ್ಟೆ. ಈಗ ಮುಲಾಮು ಹಚ್ಚಿ ಗೆಣ್ಣು ನುಣುಪಾದ ಮೇಲೆ, ಒಂದು ತಿಂಗಳಿಂದ ನೀಲವ್ವ ಮತ್ತೆ ಮುಂದಿನ ಕಲ್ಲಿಗೆ ಬಂದಿದ್ದಳು.

“ಬರ್ರಿ ಡಾಕ್ಟರಬಾಯಾರ, ಬರ್ರಿ!” ಪಕ್ಕದ ಕಲ್ಲಿನಿಂದ ಮೆಹರುನ್ನಿಸಾ ಕೂಗಿದಳು. “ನಿಮ್ಮ ಮುಲಾಮ ಹಚ್ಚಿದ ಮ್ಯಾಲೆ ನೀಲವ್ವನ ಕೈ ಹೆಂಗಾಗ್ಯಾವ ನೋಡ್ರಿ. ಮದಲಗಿತ್ತಿ ಕೈ! ಬಳಿ ಅಂಗಡ್ಯಾಂವ ಸೈತ ಹಿಡಕೊಂಡಾಂವ ಬಿಡವೊಲ್ಲ.”

“ಬಾಯಿ ಮುಚ್ಚ ನೀ,” ನೀಲವ್ವ ಕೈ ನಿಲ್ಲಿಸದೆ ನಕ್ಕಳು. ಆಮೇಲೆ ವಿಶಾಲಾಕ್ಷಿಯವರ ಕೈಯಲ್ಲಿದ್ದ ಸೀಸೆ ಕಂಡಳು. “ಅದೇನ್ರೀ ಬಾಯಾರ?”

ವಿಶಾಲಾಕ್ಷಿ ಸುತ್ತಿ ಬಳಸದೆ ಹೇಳಿದರು. ಮುಲಾಮಿನ ಜೀವಿ ಸಾಯಬೇಕಿತ್ತು, ಸತ್ತಿಲ್ಲ. ಯಾಕೆಂದು ಗೊತ್ತಾಗುವವರೆಗೆ ತೊಳೆಯಬೇಕು.

“ತೊಳದ್ರ?”

“ಮದ್ದು ಹೋಗತದ. ಮಚ್ಚಿ ಮತ್ತ ಬರಬಹುದು.”

ಬಡಿಯುವ ಸದ್ದು ಆ ಒಂದು ಕಲ್ಲಿನಲ್ಲಿ ನಿಂತಿತು. ನೀಲವ್ವ ಎರಡೂ ಕೈಯನ್ನು ಹಿಟ್ಟಿನ ಗುಡ್ಡೆಯೊಳಗೆ ಹೂತಳು. “ಬಾಯಾರ, ನಾಕು ವರ್ಷ ನಾ ಆ ಕತ್ತಲ ಕೋಣ್ಯಾಗ ಸಾಣಗಿ ಹಿಡದೇನಿ. ಅಲ್ಲಿಂದ ಇಲ್ಲಿಗೆ ಹನ್ನೆರಡು ಹೆಜ್ಜಿ. ಈ ಹನ್ನೆರಡು ಹೆಜ್ಜಿ ಬರಾಕ ನಾಕು ವರ್ಷ ಹಿಡೀತು. ನಾ ಕೈ ಕೊಡಂಗಿಲ್ಲ.”

“ಅವು ಯಾಕ ಬದುಕ್ಯಾವ ಗೊತ್ತಾಗಬೇಕಲ್ಲವ್ವಾ?”

“ಅದಕ್ಕೇನು ತೊಳೀಬೇಕ? ನನ್ನ ಕೇಳ್ರಿ, ಹೇಳತೇನಿ. ಹಿಟ್ಟಿನಾಗ ಬದಕ್ಯಾವ.”

ಈರಣ್ಣ ನಕ್ಕ. ವಿಶಾಲಾಕ್ಷಿ ನಗಲಿಲ್ಲ. “ಹೆಂಗ ಗೊತ್ತು?”

“ಟ್ಯೂಬ್ ಮುಗದು ಎರಡು ವಾರಕ್ಕ ಮೊಳಕಾಲಾಗಿನ ಮಚ್ಚಿ ವಾಪಸ್ ಬಂತು. ಕೈಯಾಗಿಂದು ಬರಲಿಲ್ಲ. ಯಾಕಂತ ವಿಚಾರ ಮಾಡಿದೆ. ಮೊಳಕಾಲಿಗೆ ಸೀರಿ ಮುಚ್ಚಿರತೈತಿ, ಹಿಟ್ಟು ಹಾರಂಗಿಲ್ಲ. ಅದಕ್ಕ ಬಲ ಮೊಳಕೈಗೆ ಬಟ್ಟಿ ಕಟ್ಟಿದೆ. ಎಡಕ್ಕ ಬಿಟ್ಟೆ.” ಅವಳು ಹಿಟ್ಟಿನಿಂದ ಬಲಗೈ ತೆಗೆದು, ಕುಪ್ಪಸದ ತೋಳಿನ ಕೆಳಗೆ ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಿಂದ ಎಳೆದು ಬಿಚ್ಚಿದಳು. ಮೊಳಕೈಯ ಮೇಲೆ ಹುಣಸೆಬೀಜದಷ್ಟು ಕೆಂಪು, ಅದರ ಸುತ್ತ ಬಿಳಿ ಹೊಟ್ಟು. ಎಡ ಮೊಳಕೈ ನುಣ್ಣಗಿತ್ತು. “ನೋಡ್ರಿ. ಬಟ್ಟಿ ಕಟ್ಟಿದ ಕಡಿ ಬಂತು, ಹಿಟ್ಟು ಬಿದ್ದ ಕಡಿ ಬರಲಿಲ್ಲ.”

ವಿಶಾಲಾಕ್ಷಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಇನ್ನೂರು ಜನ, ಇನ್ನೂರು ಠಸ್ಸೆ, ಗೋಡೆಯಷ್ಟು ದೊಡ್ಡ ಪರದೆ ಇಟ್ಟುಕೊಂಡು ಅವರು ಹುಡುಕುತ್ತಿದ್ದುದನ್ನು ಈಕೆ ಒಂದು ಬಟ್ಟೆಯ ಚೂರಿನಿಂದ ಸಾಧಿಸಿದ್ದಳು. ಈರಣ್ಣ ಠಸ್ಸೆ ತೆಗೆದು ಬಲ ಮೊಳಕೈಗೆ ಒತ್ತಿ ಫೋನಿನಲ್ಲಿ ನೋಡಿದ. ಬೂದಿ. ಎಡಕ್ಕೆ ಒತ್ತಿದ. ಹಸಿರು.

“ಈರಣ್ಣ,” ವಿಶಾಲಾಕ್ಷಿ ಕೇಳಿದರು, “ಊರಾಗ ಎಲ್ಲಾರ ಮನ್ಯಾಗೂ ಜೋಳದ ಹಿಟ್ಟು ಐತಿ. ಉಳದವರದು ಯಾಕ ಬದುಕಲಿಲ್ಲ?”

ಉತ್ತರ ಬಂದದ್ದು ಬಾಗಿಲಿನಿಂದ. ಗಿರಣಿಯ ಶಿದ್ಲಿಂಗಪ್ಪ ಸುದ್ದಿ ಕೇಳಿ ಓಡಿ ಬಂದಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗೆ. “ಮನ್ಯಾಗಿನ ಹಿಟ್ಟು ಬ್ಯಾರೆ, ಕಾಶಕ್ಕನ ಹಿಟ್ಟು ಬ್ಯಾರೆ…” ಎಂದವನು ಕಾಶಕ್ಕನ ಮುಖ ನೋಡಿ ಬಾಯಿ ಮುಚ್ಚಿದ.

“ಹೇಳೋ ಮಾರಾಯಾ,” ಎಂದರು ವಿಶಾಲಾಕ್ಷಿ.

“ನಾ ಹೇಳಂಗಿಲ್ರಿ. ಬಸವಣ್ಣನ ಮ್ಯಾಲೆ ಆಣಿ ಮಾಡಿಸ್ಯಾಳ.”

ನಲವತ್ತು ಹೆಂಗಸರೂ ಕಾಶಕ್ಕನ ಕಡೆ ತಿರುಗಿದರು. ಕಾಶಕ್ಕ ಸೆರಗನ್ನು ಎರಡು ಸಲ ಸರಿ ಮಾಡಿಕೊಂಡಳು. ಇಪ್ಪತ್ತು ವರ್ಷದ ಗುಟ್ಟು ಬಾಯಿಂದ ಹೊರಬರಲು ಅಷ್ಟು ಹೊತ್ತು ಬೇಕಲ್ಲ. “ಚೀಲಕ್ಕ ಎರಡು ಸೇರು ಕೆಂಪು ಜೋಳ ಹಾಕಸ್ತೇನಿ,” ಎಂದಳು ಕೊನೆಗೆ. “ರೊಟ್ಟಿ ಗರಿಗರಿ ಬರತಾವ. ಈಗ ಆತ? ನಾಳಿಂದ ಎಲ್ಲಾರೂ ಹಾಕಸ್ರಿ!”

* * *

ಪ್ರಯೋಗಾಲಯಕ್ಕೆ ಬಂದು ಆ ಹಿಟ್ಟನ್ನು ಯಂತ್ರಕ್ಕೆ ಹಾಕಿದಾಗ ಅರ್ಧ ಸಾಲು ತಿನ್ನುವ ಆ ಹೆಸರು ಪರದೆಯ ಮೇಲೆ ಮೂಡಿತು. ಕೆಂಪು ಜೋಳದ ಸಿಪ್ಪೆಯಲ್ಲಿ ಅದು ಯಥೇಚ್ಛವಾಗಿತ್ತು. ಬಿಳಿ ಜೋಳದಲ್ಲಿ ಲೆಕ್ಕಕ್ಕೆ ಬಾರದಷ್ಟು. ದಿನಕ್ಕೆ ನಾಲ್ಕು ರೊಟ್ಟಿ ಬಡಿದು ಕೈ ತೊಳೆಯುವವರಿಗೆ ಏನೂ ಆಗುವುದಿಲ್ಲ. ಇಡೀ ದಿನ ಕೆಂಪು ಬೆರೆತ ಹಿಟ್ಟಿನಲ್ಲೇ ಇರುವವರ ಮೈಮೇಲಿನ ಜೀವಿಗೆ ಬೀಗದ ಕೈ ದಿನವೂ ಸಿಗುತ್ತದೆ.

ವಿಶಾಲಾಕ್ಷಿ ಹಿಮಪೆಟ್ಟಿಗೆ ತೆರೆದು ಕಂದು ಬಾಟಲಿಯನ್ನು ನೋಡುತ್ತ ನಿಂತರು. “ಈರಣ್ಣ, ನಮ್ಮ ಅಜ್ಜಿ ಬೀಸುಕಲ್ಲಿನ ಮುಂದ ಕೂತು ಇದನ್ನ ಬೀಸತಿದ್ಲು. ನಾ ಹಡಗಿನಾಗ ತರಿಸಿ ಥಂಡ್ಯಾಗ ಬಚ್ಚಿಟ್ಟೇನಿ. ಪಟ್ಟಿ ಓದಿದೆ. ಹೊಲ ನೋಡಲಿಲ್ಲ.”

“ಈಗೇನ್ ಮಾಡೂದ್ರಿ?”

“ಇದ್ದದ್ದನ್ನ ಇದ್ದಂಗ ಹೇಳೂದು.”

ಸಮಿತಿಯ ಹಿರಿಯ ಸದಸ್ಯ ಡಾ. ಪದ್ಮರಾಜಯ್ಯ ಮೈಸೂರಿನವರು. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: “ನೀವಾಗೇ ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಆದ್ರೆ ನನಗೆ ಎರಡು ಪ್ರಶ್ನೆ ಇದೆ. ಆ ಕೈಯಿಂದ ಮಾಡಿದ ರೊಟ್ಟೀಲಿ ಇದು ಇದ್ಯಾ?”

“ನಲವತ್ತು ರೊಟ್ಟಿ ಪರೀಕ್ಷಾ ಮಾಡೇವ್ರೀ ಸರ್. ಹಂಚಿಗೆ ಬಿದ್ದ ಕೂಡಲೆ ಸಾಯತಾವ. ಒಂದರಾಗೂ ಇಲ್ಲ.”

“ಸರಿ. ಎರಡನೇದು. ಹಿಟ್ಟು ಬಿಟ್ರೆ ಹದಿನಾಲ್ಕು ದಿನದಲ್ಲಿ ಸಾಯುತ್ತೆ ಅಂತೀರ. ಒಬ್ಬ ಹೆಂಗಸಿನ ಒಂದು ಮೊಳಕೈ ನೋಡಿ ಒಪ್ಪೋಕಾಗಲ್ಲ. ಮೂರು ಜನಾನೂ ಹದಿನಾಲ್ಕು ದಿನ ಹಿಟ್ಟು ಮುಟ್ಟದೆ ಇರ್ಲಿ. ತೊಳೀಬೇಡಿ, ಏನೂ ಹಚ್ಚಬೇಡಿ. ತಾನಾಗೇ ಸತ್ರೆ ಸರಿ. ಒಂದೇ ಒಂದು ಚುಕ್ಕಿ ಹಸಿರು ಉಳಿದ್ರೂ ಚೀಟಿ ಇಲ್ಲದೆ ಮಾರೋ ಮಾತು ಬಿಟ್ಟುಬಿಡಿ. ಹದಿನೈದನೇ ದಿನ ನಾನೇ ಬರ್ತೀನಿ.”

* * *

ನೀಲವ್ವನ ಮನೆಯಲ್ಲಿ ವಿಶಾಲಾಕ್ಷಿ ಚಾಪೆಯ ಮೇಲೆ ಕೂತು ಇದನ್ನೆಲ್ಲ ಹೇಳಿದಾಗ ಮಧ್ಯಾಹ್ನ ಮೂರು ಗಂಟೆ. ನೀಲವ್ವನ ಗಂಡ ಹನಮಂತ, ಬಸ್ ಡಿಪೋದ ಮೆಕ್ಯಾನಿಕ್, ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ.

“ಹದಿನಾಕು ದಿನ ಹಿಟ್ಟು ಮುಟ್ಟಲಿಲ್ಲಂದ್ರ ಮಚ್ಚಿ ಬರತಾವ,” ಎಂದಳು ನೀಲವ್ವ. ಪ್ರಶ್ನೆಯಲ್ಲ.

“ಬರಬಹುದು. ಬಂದ್ರ ಮತ್ತ ಟ್ಯೂಬ್ ಕೊಡತೇನಿ. ಆದ್ರ ಇಳಿಯಾಕ ಒಂದ್ ತಿಂಗಳು ಬೇಕು.”

“ಅಲ್ಲೀತನ ನನ್ನ ಕಲ್ಲಿಗೆ ಯಾರು ಕೂಡತಾರ? ಒಮ್ಮೆ ಎದ್ದವರಿಗೆ ಕಾಶಕ್ಕ ಮತ್ತ ಜಾಗಾ ಕೊಡತಾಳಂತ ಬರದು ಕೊಡತೀರೇನು?”

“ಇಲ್ಲ. ಅದು ನನ್ನ ಕೈಯಾಗಿಲ್ಲ.”

“ಒಲ್ಲೆ ಅಂದ್ರ?”

“ನಾ ತೊಳಿಯಂಗಿಲ್ಲ, ಒತ್ತಾಯ ಮಾಡಂಗಿಲ್ಲ. ನಿನಗೊಬ್ಬಾಕಿಗೆ ಮುಲಾಮ ಬದುಕಿರತೈತಿ. ಅಂಗಡಿಗೆ ಮಾತ್ರ ಬರಂಗಿಲ್ಲ.”

ಹನಮಂತ ಒಳಗೆ ಬಂದು ಹೆಂಡತಿಯ ಪಕ್ಕ ಕೂತ. “ನನ್ನ ಕೇಳಿದ್ರ,” ಎಂದ, “ನಿನ್ನ ಕೈ ನೀ ನೋಡ್ಕೋ. ಊರ ಉಸಾಬರಿ ಯಾಕ?”

ನೀಲವ್ವ ತನ್ನ ಗೆಣ್ಣುಗಳನ್ನು ಒಂದೊಂದಾಗಿ ಸವರಿಕೊಂಡಳು. “ಮೊದಲನೇ ವರ್ಷ ನಾ ಏನ್ ಮಾಡಿದ್ದೆ ನೆನಪೈತೇನು ನಿಮಗ? ಔಷಧ ಅಂಗಡಿಗೆ ಹೋಗಿ ನಾಕು ಮಂದಿ ಗಂಡಸರ ಮುಂದ ಕೈ ತೋರಸ್ಲಿಕ್ಕೆ ನಾಚಿ, ‘ತುರಿಕಿಗೆ ಏನರ ಕೊಡ್ರಿ’ ಅಂದೆ. ಆಂವ ಕೊಟ್ಟ ಟ್ಯೂಬಿನಿಂದ ಚರ್ಮ ಈರುಳ್ಳಿ ಸಿಪ್ಪಿ ಆತು, ಬಿಟ್ಟ ಕೂಡಲೆ ಎರಡರಷ್ಟು ಬಂತು. ಆಗ ಇದು ಅಂಗಡ್ಯಾಗ ಇತ್ತಂದ್ರ ನಾ ಆ ಸಾಣಗಿ ಹಿಡೀತಿದ್ನೇನು?” ಅವಳು ವಿಶಾಲಾಕ್ಷಿಯವರ ಕಡೆ ತಿರುಗಿದಳು. “ಯಾವತ್ತಿಂದ ಹಿಟ್ಟು ಬಿಡಬೇಕ್ರೀ?”

ಹೀಗೆ ಶುರುವಾಯಿತು ಹದಿನಾಲ್ಕು ದಿನದ ವನವಾಸ. ಶಿದ್ಲಿಂಗಪ್ಪ ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯ ಕಟ್ಟೆಗೆ ಬಂದು ಕೂತ. ಮೂರನೇ ದಿನ ಅವನ ಸೋದರತ್ತೆ ಎದುರಿಗೇ ಹಾದುಹೋದಳು, ಮಾತಾಡಿಸಲಿಲ್ಲ. “ಯವ್ವಾ ಅತ್ತಿ, ನಾನಽ!” ಎಂದು ಕೂಗಿದ. ಆಕೆ ತಿರುಗಿ ನೋಡಿ, “ಬಾಡ್ಯಾ, ನಿನ್ನ ಮೀಸಿ ಕರಿ ಅದಾವೇನೋ!” ಎಂದಳು. ಮೆಹರುನ್ನಿಸಾ ದಿನಕ್ಕೆ ಎರಡು ಸಲ ಫೋನ್ ಮಾಡಿ, ಕೈ ಸುಮ್ಮನಿರಲಾರದೆ ಹಾಸಿಗೆಯ ದಿಂಬನ್ನೇ ಬಡಿಯುತ್ತಿದ್ದೇನೆ ಎಂದು ಈರಣ್ಣನಿಗೆ ವರದಿ ಕೊಟ್ಟಳು.

ನೀಲವ್ವನ ಮನೆಯಲ್ಲಿ ಎರಡೂ ಹೊತ್ತು ಅನ್ನ. ರೊಟ್ಟಿ ಇಲ್ಲದೆ ಹನಮಂತನಿಗೆ ಊಟವೆಂದೇ ಅನ್ನಿಸಲಿಲ್ಲ. ಆರನೇ ದಿನ ತಾನೇ ಬಡಿಯುತ್ತೇನೆಂದು ಹಿಟ್ಟಿನ ಡಬ್ಬಿ ಇಳಿಸಿದ. ನೀಲವ್ವ ಅಡಿಗೆಮನೆಯ ಹೊರಗೆ, ಹಿಟ್ಟು ಹಾರದಷ್ಟು ದೂರ ನಿಂತು ಹೇಳಿಕೊಟ್ಟಳು. “ಬಿಸಿ ನೀರು ಹಾಕ್ರಿ. ಅಷ್ಟಲ್ಲ! ನಾದ್ರಿ. ಅದು ನಟ್ಟು-ಬೋಲ್ಟಲ್ರೀ, ಹಂಗ ತಿರುವಬ್ಯಾಡ್ರಿ.” ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಐದು ಹೋಳಾಯಿತು. ಅವನು ಆ ಐದನ್ನೂ ಬೇಯಿಸಿ, ಶೇಂಗಾ ಚಟ್ನಿ ಹಚ್ಚಿ, “ಒಂದರ ಬದಲಿ ಐದು ಮಾಡೇನಿ, ನೋಡಿಲ್ಲಿ” ಎಂದು ಅವಳ ಬಾಯಿಗಿಟ್ಟ.

ಒಂಬತ್ತನೇ ದಿನ ಬೆಳಗ್ಗೆ ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಒಂದು ಗೆರೆ ಕೆಂಪಾಯಿತು. ನೀಲವ್ವ ಯಾರಿಗೂ ಹೇಳಲಿಲ್ಲ. ಕೇಂದ್ರದಿಂದ ತಂದ, ಕೆಂಪು ಬೆರೆತ ಹಿಟ್ಟಿನ ಡಬ್ಬಿ ಅಡಿಗೆಮನೆಯ ಕಟ್ಟೆಯ ಮೇಲೇ ಇತ್ತು. ಒಂದು ಹಿಡಿ ಸವರಿ, ತೊಳೆಯದೆ ಬಿಟ್ಟರೆ ಸಾಕಿತ್ತು. ಗಂಡ ಡ್ಯೂಟಿಗೆ ಹೋಗುವಾಗ ಅವನ ಕೈಗೆ ಡಬ್ಬಿ ಕೊಟ್ಟಳು. “ಇದನ್ನ ಡಿಪೋದಾಗ ಇಡ್ರಿ. ಐದು ದಿನ ಬಿಟ್ಟು ತರ್ರಿ,” ಎಂದಳು.

* * *

ಹದಿನೈದನೇ ದಿನ ಬೆಳಗ್ಗೆ ಒಂಬತ್ತಕ್ಕೆ ಪದ್ಮರಾಜಯ್ಯ ಪರದೆಯ ಮುಂದೆ ಕೂತಿದ್ದರು. ಸಣ್ಣ ಆಳು, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ. ಮೂವರೂ ಅವರ ಎದುರಿಗೆ ಬೆಂಚಿನ ಮೇಲೆ ಕೂತಿದ್ದರು. ಅವರ ಚುಕ್ಕಿಗಳು ಎಂಟನೇ ದಿನದಿಂದ ಮಾಸುತ್ತ ಬಂದಿದ್ದವು. ಹಿಂದಿನ ದಿನ ಮೆಹರುನ್ನಿಸಾ, ಶಿದ್ಲಿಂಗಪ್ಪ ಇಬ್ಬರದೂ ಬೂದಿಯಾಗಿದ್ದವು. ನೀಲವ್ವನ ಚುಕ್ಕಿಯಲ್ಲಿ ಮಾತ್ರ ಎಲ್ಲೋ ಒಂದಿಷ್ಟು ಹಸಿರಿನ ಛಾಯೆ ಉಳಿದಿತ್ತು.

ಈರಣ್ಣ ಠಸ್ಸೆ ಕೊಟ್ಟ. ಮೆಹರುನ್ನಿಸಾ ಒತ್ತಿದಳು: ಬೂದಿ. ಶಿದ್ಲಿಂಗಪ್ಪ: ಬೂದಿ. ನೀಲವ್ವ ಕಣ್ಣು ಮುಚ್ಚಿ ಒತ್ತಿದಳು. ಪರದೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು, ಅಥವಾ ಎಲ್ಲರಿಗೂ ಹಾಗನ್ನಿಸಿತು.

“ಏನಾತ್ರೀ?” ಅವಳು ಕಣ್ಣು ತೆರೆಯದೆ ಕೇಳಿದಳು.

“ಸತ್ತಾವ ನೀಲವ್ವಾ!” ಈರಣ್ಣ ಕೂಗಿದ. “ಎಲ್ಲಾ ಸತ್ತಾವ!”

ಹೊರಗೆ ಯಾರಾದರೂ ಕೇಳಿಸಿಕೊಂಡಿದ್ದರೆ ಏನಂದುಕೊಳ್ಳುತ್ತಿದ್ದರೋ. ಒಳಗೆ ಮೆಹರುನ್ನಿಸಾ ಚಪ್ಪಾಳೆ ಹೊಡೆದಳು.

ಪದ್ಮರಾಜಯ್ಯ ಬರೆದುಕೊಳ್ಳುವುದನ್ನು ನಿಲ್ಲಿಸಿ ನೀಲವ್ವನ ಕೈಗಳನ್ನು ನೋಡಿದರು. ಎರಡೂ ಕೈಯ ಗೆಣ್ಣುಗಳು ಕೆಂಪಾಗಿದ್ದವು, ಹೊಟ್ಟು ಏಳಲು ಶುರುವಾಗಿತ್ತು. “ಯಾವಾಗ ಬಂತಮ್ಮ ಇದು?”

“ಒಂಬತ್ತನೇ ದಿನದಿಂದ್ರೀ.”

“ಹಿಟ್ಟು ಮುಟ್ಟಬೇಕು ಅನ್ನಿಸ್ಲಿಲ್ವಾ?”

“ಅನಸ್ತು. ಡಬ್ಬಿ ಮನ್ಯಾಗ ಇಟ್ಕೊಳ್ಳಲಿಲ್ಲ.”

ಅವರು ತಲೆಯಾಡಿಸಿದರು. ಆಮೇಲೆ ತಾವು ಬರೆದದ್ದನ್ನು ಓದಿದರು. ಮುಲಾಮಿನ ಮೇಲೆ ಸೇರಿಸಬೇಕಾದ ಎಚ್ಚರಿಕೆ ಅದು: “ಸದರಿ ಉತ್ಪನ್ನದಲ್ಲಿನ ಜೈವಿಕ ಘಟಕವು ನಿರ್ದಿಷ್ಟ ಧಾನ್ಯಮೂಲ ವರ್ಣದ್ರವ್ಯದ ನಿರಂತರ ಸಂಪರ್ಕದಲ್ಲಿ ನಿಗದಿತ ಅವಧಿಯನ್ನು ಮೀರಿ—”

“ತಡೀರ್ರೀ ಸಾಹೇಬ್ರ,” ಎಂದಳು ನೀಲವ್ವ. “ಇದು ಯಾರಿಗೆ?”

“ಕೊಳ್ಳೋರಿಗೆ.”

“ಕೊಳ್ಳೋರಿಗೆ ತಿಳೀಬೇಕಲ್ಲ. ಹಿಂಗ ಬರೀರಿ: ಕೆಂಪು ಜೋಳದ ಹಿಟ್ಟು ಮುಟ್ಟೂತನ ಈ ಮದ್ದು ಬದುಕಿರತೈತಿ. ಹಿಟ್ಟು ಬಿಟ್ಟ ಹದಿನಾಕು ದಿನಕ್ಕ ಸಾಯತೈತಿ. ಬ್ಯಾಡಾದ್ರ ಹಿಟ್ಟು ಬಿಡ್ರಿ.”

ಪದ್ಮರಾಜಯ್ಯ ವಿಶಾಲಾಕ್ಷಿಯವರ ಮುಖ ನೋಡಿದರು. ವಿಶಾಲಾಕ್ಷಿ ಮೇಜಿನ ಮೇಲಿನ ಪೆನ್ನನ್ನು ಅವರ ಕಡೆ ಸರಿಸಿದರು. ಅವರು ತಮ್ಮ ಮೂರು ಸಾಲನ್ನು ಹೊಡೆದುಹಾಕಿ, ನೀಲವ್ವನ ಮಾತನ್ನು ಅವಳು ಹೇಳಿದ ಹಾಗೇ ಬರೆದುಕೊಂಡರು. “ಚೀಟಿ ಇಲ್ಲದೆ ಮಾರಬಹುದು ಅಂತ ನಾನು ಶಿಫಾರಸು ಮಾಡ್ತೀನಿ,” ಎಂದರು ಏಳುತ್ತ. “ಸಮಿತೀಲಿ ಉಳಿದೋರು ಏನಾದ್ರೂ ಕೇಳಿದ್ರೆ ಈಯಮ್ಮನ್ನೇ ಕರೆಸ್ತೀನಿ. ನನಗಿಂತ ಚೆನ್ನಾಗಿ ಹೇಳ್ತಾರೆ.”

* * *

ಅದೇ ದಿನ ಹನ್ನೆರಡು ಗಂಟೆಗೆ ನೀಲವ್ವ ಕೇಂದ್ರಕ್ಕೆ ಹೋದಳು. ಅವಳು ಬೇಡವೆಂದರೂ ವಿಶಾಲಾಕ್ಷಿ ಜೊತೆಗೆ ಬಂದರು. ಊಟದ ಹೊತ್ತು, ಬಾಗಿಲಲ್ಲಿ ಗಿರಾಕಿಗಳ ಸಾಲು. ಮುಂದಿನ ಒಂದು ಕಲ್ಲಿಗೆ ಬೇರೊಬ್ಬಳು ಕೂತಿದ್ದಳು. ಇನ್ನೊಂದು, ನೀಲವ್ವನದು, ಖಾಲಿ ಇತ್ತು. ಹದಿನಾಲ್ಕು ದಿನವೂ ಖಾಲಿ ಇತ್ತೋ, ಆ ಹೊತ್ತಿಗಷ್ಟೇ ಖಾಲಿ ಇತ್ತೋ, ಕಾಶಕ್ಕ ಹೇಳಲಿಲ್ಲ, ನೀಲವ್ವ ಕೇಳಲಿಲ್ಲ.

ಕಾಶಕ್ಕ ಅವಳ ಗೆಣ್ಣು ನೋಡಿದಳು, ಸಾಲು ನೋಡಿದಳು. “ತಂಗಿ, ಒಂದ್ ತಿಂಗಳು ಹಿಂದ ಕೂಡು. ಟ್ಯೂಬ್ ಹಚ್ಕೊ, ಇಳೀಲಿ. ಕಲ್ಲು ನಿಂದ, ಎಲ್ಲಿ ಹೋಗಂಗಿಲ್ಲ.”

“ಇಳಿಯೂತನ ಯಾಕ ಕಾಯಬೇಕಕ್ಕಾ? ಇದು ಅಂಟಂಗಿಲ್ಲ. ರೊಟ್ಟ್ಯಾಗ ಏನೂ ಇಲ್ಲಂತ ನಲವತ್ತು ರೊಟ್ಟಿ ತಗದು ನೋಡ್ಯಾರ. ಕೈ ತೊಳದು ಕೂಡತೇನಿ. ಒಲ್ಲದವರು ಆ ಕಡಿ ಕಲ್ಲಿನ ಮುಂದ ನಿಂದರ್ಲಿ.”

“ಮಂದಿ ಏನಂತ ಕೇಳತಾರ…”

“ಕೇಳಲಿ. ಕೇಳಿದ್ರ ಹೇಳತೇನಿ. ನಾಕು ವರ್ಷ ಯಾರೂ ಕೇಳಲಿಲ್ಲ, ಸರದ್ರು ಅಷ್ಟ.”

ಕಾಶಕ್ಕ ವಿಶಾಲಾಕ್ಷಿಯವರ ಕಡೆ ನೋಡಿದಳು. ವಿಶಾಲಾಕ್ಷಿ ಚಪ್ಪಲಿ ಬಿಟ್ಟು ಹೋಗಿ ನೀಲವ್ವನ ಕಲ್ಲಿನ ಮುಂದೆ ಗಿರಾಕಿಯ ಜಾಗದಲ್ಲಿ ನಿಂತರು.

“ಕೂಡಽ ನಮ್ಮವ್ವಾ,” ಎಂದಳು ಕಾಶಕ್ಕ. “ಒಲಿ ಆರತೈತಿ.”

ನೀಲವ್ವ ಕೈ ತೊಳೆದು ಕೂತಳು. ಕುಪ್ಪಸದ ತೋಳನ್ನು ಮೊಳಕೈಯಿಂದ ಮೇಲೇರಿಸಿದಳು. ಬಲಗಡೆಯ ಕೆಂಪು ಮಚ್ಚೆ ಎಲ್ಲರಿಗೂ ಕಾಣುವಂತೆ ಬೆಳಕಿಗೆ ಬಂತು. ಸಾಲಿನಲ್ಲಿ ಇಬ್ಬರು ಪಕ್ಕದ ಕಲ್ಲಿಗೆ ಸರಿದರು. ಅವಳು ತಲೆ ಎತ್ತಲಿಲ್ಲ. ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯತೊಡಗಿದಳು. ಎರಡು ವಾರ ಸುಮ್ಮನಿದ್ದ ಕೈ ಮೊದಲ ನಾಲ್ಕು ಏಟಿಗೇ ತನ್ನ ಲಯ ಹಿಡಿಯಿತು. ಮೊದಲ ರೊಟ್ಟಿ ವಿಶಾಲಾಕ್ಷಿಯವರ ಕೈಗೆ ಹೋಯಿತು, ಎರಡನೆಯದು ಒಬ್ಬ ಆಟೋದವನಿಗೆ.

ಅವನ ಹಿಂದೆ ಸುಮಾರು ಮೂವತ್ತರ ಹೆಂಗಸೊಬ್ಬಳು ನಿಂತಿದ್ದಳು. ಬೇಸಿಗೆಯ ನಡುಹಗಲಿನಲ್ಲೂ ಮಣಿಕಟ್ಟಿನವರೆಗೆ ತುಂಬುತೋಳಿನ ಕುಪ್ಪಸ ತೊಟ್ಟಿದ್ದಳು. ಪಕ್ಕದ ಸಾಲು ಚಿಕ್ಕದಿದ್ದರೂ ಅಲ್ಲಿಗೆ ಹೋಗದೆ, ನೀಲವ್ವನ ಮೊಳಕೈಯನ್ನೇ ನೋಡುತ್ತ ನಿಂತಿದ್ದಳು. ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನೀಲವ್ವ ಅದನ್ನೆತ್ತಿ ಮುಂದಕ್ಕೆ ಚಾಚಿದಳು. ಆ ಹೆಂಗಸು ಕೈ ಮುಂದೆ ಮಾಡಿದವಳು ಅರ್ಧಕ್ಕೇ ನಿಲ್ಲಿಸಿ, ತೋಳಿನ ಗುಂಡಿ ಬಿಚ್ಚಿ, ಬಟ್ಟೆಯನ್ನು ಮೊಳಕೈಯ ಮೇಲಕ್ಕೆ ಮಡಚಿಕೊಂಡು, ಎರಡೂ ಕೈಯೊಡ್ಡಿ ರೊಟ್ಟಿ ತೆಗೆದುಕೊಂಡಳು.